ಓದಿ ಹೇಳಿದ ಅರ್ಜಿ

ನಮ್ಮೂರಿನಲ್ಲಿ ಯಾರಿಗಾದರೂ ಸರಕಾರಕ್ಕೆ ಏನಾದರೂ ಹೇಳಲಿಕ್ಕುಂಟು ಅಂತಾದರೆ ಅವರು ಮೊದಲು ನನ್ನ ಮನೆಯ ಮೆಟ್ಟಿಲು ಹತ್ತಬೇಕು. ಇದನ್ನು ನಾನು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲವಿತ್ತು. ದಾರಿದೀಪ ಕೆಟ್ಟರೆ ನನ್ನ ಅರ್ಜಿ, ನಳ್ಳಿಯಲ್ಲಿ ನೀರು ಬಾರದಿದ್ದರೆ ನನ್ನ ಅರ್ಜಿ, ಮೋರಿ ಕುಸಿದರೂ ನನ್ನದೇ ಅರ್ಜಿ. ಬೆಳ್ತಂಗಡಿ ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ನಿವೃತ್ತಿಯಾಗಿ, ಅಪ್ಪನ ಮನೆಗೆ ವಾಪಸು ಬಂದು ಕೂತವಳು ನಾನು. ಮದುವೆ ಆಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಊರವರಿಗೆ ನಾನು ಟೀಚರ್. ಅಂಗಡಿ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮಾಲಕನನ್ನು ಹೊರಗೆ ಕರೆದು ತಿದ್ದಿಸುವ ಜಾತಿಯವಳು. ನನ್ನ ಬಾಯಿಗೆ ಹೆದರುವವರು ಪಂಚಾಯತಿನಲ್ಲಿ ಈಗಲೂ ಇದ್ದಾರೆ.

ನಮ್ಮ ಕಡೆ ಒಂದು ಕ್ರಮ ಉಂಟು. ಮಾತೆಲ್ಲ ತುಳುವಿನಲ್ಲಿ. ಜಗಳ ತುಳು, ರಾಜಿಯೂ ತುಳು. ಬ್ಯಾರಿಗಳು, ಅಂದರೆ ನಮ್ಮ ಕಡೆಯ ಮುಸ್ಲಿಮರು, ಮನೆಯೊಳಗೆ ಅವರ ಬ್ಯಾರಿ ಭಾಷೆ ಆಡಿದರೂ ನಮ್ಮೊಟ್ಟಿಗೆ ಸಿಕ್ಕಿದರೆ ತುಳುವೇ. ಕಾಗದಕ್ಕೆ ಮಾತ್ರ ಕನ್ನಡ. ಗ್ರಾಮಸಭೆಯಲ್ಲಿ ಎರಡು ಗಂಟೆ ತುಳುವಿನಲ್ಲಿ ಬೊಬ್ಬೆ ಹೊಡೆದದ್ದನ್ನು ಕನ್ನಡ ಬಲ್ಲವರೊಬ್ಬರು ನಾಲ್ಕು ಸಾಲು ಮಾಡಿ ಬರೆಯುತ್ತಾರೆ. ಉಳಿದವರು ಚಾ ಕುಡಿದು, ಅಂಬಡೆ ತಿಂದು, ಕೈ ಒರೆಸಿಕೊಂಡು ಅದರ ಅಡಿಯಲ್ಲಿ ರುಜು ಹಾಕಿ ಹೋಗುತ್ತಾರೆ. ಓದಿ ನೋಡುವ ಪದ್ಧತಿ ಇಲ್ಲ. ಓದಿದರೆ ಬರೆದವರ ಮೇಲೆ ಸಂಶಯಪಟ್ಟ ಹಾಗೆ ಆಗುತ್ತದಲ್ಲ, ಆ ಮುಲಾಜು. ನನ್ನ ಅರ್ಜಿಗಳನ್ನಂತೂ ಯಾರೂ ಓದಿದವರಿಲ್ಲ. “ಟೀಚರ್ ಬರೆದದ್ದಲ್ವಾ ಮಾರಾಯ, ಮತ್ತೆ ಎಂತ ಓದುವುದು?” ಅಂತ ಪೆನ್ನು ತೆಗೆದುಕೊಳ್ಳುತ್ತಿದ್ದರು. ನನಗೆ ಅದನ್ನು ಕೇಳಲಿಕ್ಕೆ ಬಹಳ ಖುಷಿ.

ನಮ್ಮೂರು ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ. ಒಳರಸ್ತೆಗೆ ಒಂದು ಏರು. ಏರಿನ ಮೇಲೆ ನಮ್ಮ ಮನೆ, ಸುತ್ತಮುತ್ತ ನಮ್ಮವರದ್ದೇ ಏಳೆಂಟು ಮನೆ. ಏರಿನ ಬುಡದಲ್ಲಿ ಮೋರಿ, ಮೋರಿಯ ಆಚೆ ಬ್ಯಾರಿಗಳ ಮನೆಗಳು. ಎರಡರ ನಡುವೆ ಅರ್ಧ ಕಿಲೋಮೀಟರ್ ಕೂಡ ಇಲ್ಲ, ಆದರೆ ಏರು ಅಂದರೆ ಏರೇ. ಮೊದಲಿನಿಂದಲೂ ಒಂದು ಖಾಸಗಿ ಬಸ್ಸು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಬಂದು ಹೋಗುತ್ತಿತ್ತು. ಅದು ಮೋರಿಯ ಹತ್ತಿರ ಮಾತ್ರ ನಿಲ್ಲುತ್ತಿತ್ತು. ಸ್ಟಾಪು ಅಂತ ಬೋರ್ಡು ಗೀರ್ಡು ಏನೂ ಇರಲಿಲ್ಲ. ಕೈ ಹಿಡಿದರೆ ನಿಲ್ಲಿಸುತ್ತಿದ್ದರು, ಅಷ್ಟೇ.

ಆಮೇಲೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆಯಿತು. ಟಿವಿಯಲ್ಲಿ ಘಟ್ಟದ ಮೇಲಿನ ಹೆಂಗಸರು ನಗುತ್ತಾ ಬಸ್ಸು ಹತ್ತುವುದನ್ನು ನಮ್ಮವರು ಬಾಯಿ ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು. ನಮ್ಮಲ್ಲಿ ಸರಕಾರಿ ಬಸ್ಸೇ ಇಲ್ಲ, ಇನ್ನು ಉಚಿತ ಎಲ್ಲಿಂದ ಬರಬೇಕು? “ನಾವು ಓಟು ಹಾಕುವುದಿಲ್ವಾ? ನಾವೇನು ಕೇರಳದವರಾ?” ಅಂತ ಹಾಲಿನ ಡೈರಿಯ ಸಾಲಿನಲ್ಲಿ ದಿನಾ ಅದೇ ಮಾತು. ಒಬ್ಬಳು, ಓಟಿನ ಸಮಯಕ್ಕೆ ಅಂಗಳದವರೆಗೆ ಕಾರು ಬರುತ್ತದೆ, ಮತ್ತೆ ಐದು ವರ್ಷ ಸೈಕಲ್ಲೂ ಬರುವುದಿಲ್ಲ ಅಂದಳು. ಮೂಡುಬಿದಿರೆಯಿಂದ ಬರುವ ಬಸ್ಸಿನಲ್ಲಿ ಕಾಲೇಜು ಮಕ್ಕಳು ಬ್ಯಾಗಿನೊಟ್ಟಿಗೆ ತುಂಬಿರುತ್ತಾರೆ, ನಮಗೆ ಕಾಲಿಡಲಿಕ್ಕೂ ಜಾಗ ಇಲ್ಲ ಅಂತ ಇನ್ನೊಬ್ಬಳು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, ಟೀಚರ್, ನೀವೊಂದು ಬರೆಯಿರಿ ಅಂದರು.

ಆ ಬಸ್ಸು ಎಲ್ಲರಿಗೂ ಬೇಕಿತ್ತು. ಆದರೆ ಮೋರಿಯ ಹತ್ತಿರದ ಮನೆಯ ಅಕ್ಕನಿಗೆ ಬೇಕಾದ ಹಾಗೆ ಬೇರೆ ಯಾರಿಗೂ ಬೇಕಿರಲಿಲ್ಲ. ನನಗಿಂತ ಎರಡು ವರ್ಷ ದೊಡ್ಡವರು. ಊರಿನ ಶಾಲೆಯಲ್ಲಿ ಒಟ್ಟಿಗೆ ಕೂತವರು ನಾವು. ಅವರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲಿಕ್ಕೆ ಕೂತರು, ನಾನು ಓದಿದೆ. ಈಗ ಅವರ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಬಂಟ್ವಾಳದ ಸರಕಾರಿ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಮಗ ಸೌದಿಯಲ್ಲಿ, ಮನೆಯಲ್ಲಿ ಸೊಸೆ ಮತ್ತು ಸಣ್ಣ ಮೊಮ್ಮಗು. ಊರಿನ ಒಂದೇ ಒಂದು ರಿಕ್ಷಾ ಬೆಳಗಿನ ಆ ಹೊತ್ತಿಗೆ ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಅವರ ಜೀವ ನಿಂತದ್ದು ಬಸ್ಸಿನ ಮೇಲೆ ಅಂದರೆ ಅದು ಬರೀ ಮಾತಲ್ಲ.

ನಾನು ಶಾಲೆಯ ಹತ್ತಿರ ಲಾಯಿಲದಲ್ಲಿ ರೂಮು ಮಾಡಿಕೊಂಡಿದ್ದ ವರ್ಷಗಳಲ್ಲಿ ಶನಿವಾರ ಊರಿಗೆ ಬಂದು ಸೋಮವಾರ ಬೆಳಿಗ್ಗೆ ವಾಪಸು ಹೋಗುತ್ತಿದ್ದೆ. ನನಗೆ ಹೊರಡುವಾಗ ಯಾವಾಗಲೂ ತಡ. ಏರಿನ ಮೇಲಿಂದ ಸೀರೆ ಎತ್ತಿಕೊಂಡು ಓಡಿ ಬರುವಾಗ ಕೆಳಗೆ ಬಸ್ಸು ನಿಂತಿರುತ್ತಿತ್ತು. ಯಾಕೆಂದರೆ ಬೀಡಿಯ ಗೆರಸೆ ಜಗಲಿಯಲ್ಲಿಟ್ಟು ಈ ಅಕ್ಕ ರಸ್ತೆಗೆ ಬಂದು, ಬಸ್ಸಿನ ಎದುರೇ ಕೈ ಅಡ್ಡ ಹಿಡಿದು ನಿಂತಿರುತ್ತಿದ್ದರು. “ಟೀಚರ್ ಬರ್ತಾ ಇದ್ದಾರೆ, ಎಂತ ಅರ್ಜೆಂಟು ನಿಮಗೆ?” ಅಂತ ಡ್ರೈವರನಿಗೇ ಜೋರು ಮಾಡುತ್ತಿದ್ದರು. ನಾನು ಹತ್ತಿದ ಮೇಲೆ ವಾಪಸು ಹೋಗಿ ಬೀಡಿ ಕಟ್ಟಲಿಕ್ಕೆ ಕೂರುತ್ತಿದ್ದರು. ಎಷ್ಟು ಸೋಮವಾರ ಹೀಗಾಯಿತು ಅಂತ ನಾನು ಲೆಕ್ಕ ಇಟ್ಟಿಲ್ಲ.

ಬಸ್ಸಿನ ವಿಷಯಕ್ಕೆ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಸಭೆಗಳಲ್ಲಿ ಎಂದೂ ಬಾಯಿ ಬಿಡದ ಅಕ್ಕ ಅವತ್ತು ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, “ಮೇಲೆ ಒಂದು ಸ್ಟಾಪು ಬೇಕಾದರೆ ಕೇಳಿ, ಆದರೆ ಮೋರಿಯ ಹತ್ತಿರವೂ ಒಂದು ಇರಲಿ. ನನಗೆ ಏರು ಹತ್ತಲಿಕ್ಕೆ ಆಗುವುದಿಲ್ಲ” ಅಂತ ತುಳುವಿನಲ್ಲಿ ಹೇಳಿ ಕೂತರು. ಯಾರದ್ದೂ ತಕರಾರಿರಲಿಲ್ಲ. ಸರಿ, ಎರಡು ಸ್ಟಾಪು ಅಂತ ಎಲ್ಲರೂ ಒಪ್ಪಿದರು. ಬರೆಯುತ್ತೇನೆ ಅಂತ ನಾನೂ ತಲೆಯಾಡಿಸಿದೆ.

ವಾರ ಕಳೆದು, ನಾನು ಅರ್ಜಿ ಬರೆಯುವ ಮೊದಲೇ, ಪಂಚಾಯತಿನವರು ಕರೆದದ್ದಕ್ಕೆ ಡಿಪೋದಿಂದ ಒಬ್ಬ ಅಧಿಕಾರಿ ರಸ್ತೆ ನೋಡಲಿಕ್ಕೆ ಬಂದರು. ಜೊತೆಗೆ ನಮ್ಮ ವಾರ್ಡಿನ ಮೆಂಬರ್ ಮತ್ತು ನಾನು. ಅಧಿಕಾರಿ ಪಾಪ ಒಳ್ಳೆಯವರೇ. ಇಷ್ಟು ಹತ್ತಿರ ಹತ್ತಿರ ಎರಡು ನಿಲುಗಡೆ ಕೊಡುವುದು ಕಷ್ಟ, ಸಮಯ ಹೊಂದುವುದಿಲ್ಲ, ಎಲ್ಲಿ ಬೇಕು ಅಂತ ಊರವರೇ ತೀರ್ಮಾನ ಮಾಡಿ ಬರೆದು ಕೊಡಿ ಅಂದರು. ಮೇಲೋ ಕೆಳಗೋ ಅಂತ ಅವರೇನೂ ಹೇಳಲಿಲ್ಲ. ಪುನಃ ಒಂದು ಸಭೆ ಕರೆದು ಇದನ್ನು ಊರವರ ಮುಂದೆ ಇಡಬೇಕಿತ್ತು. ಅದು ನನಗೆ ಗೊತ್ತಿಲ್ಲದ ವಿಷಯವಾ? ಶಾಲೆಯಲ್ಲಿ ಮಕ್ಕಳಿಗೆ ಪ್ರಜಾಪ್ರಭುತ್ವದ ಮೇಲೆ ಪ್ರಬಂಧ ಬರೆಸಿದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅವತ್ತು ಸಂಜೆ ದುಬೈಯಿಂದ ನನ್ನ ತಮ್ಮನ ಫೋನು ಬಂತು. ಬಸ್ಸು ಬರುವ ಸುದ್ದಿ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವನಿಗೆ ನನಗಿಂತ ಮೊದಲೇ ಮುಟ್ಟಿತ್ತು. “ಅಕ್ಕ, ಅಪ್ಪನ ಹೆಸರಿನಲ್ಲಿ ಒಂದು ತಂಗುದಾಣ ಕಟ್ಟಿಸುವ. ಗೇಟಿನ ಪಕ್ಕದ ಜಾಗ ಖಾಲಿ ಉಂಟಲ್ಲ” ಅಂದ. ನಮ್ಮ ಕಡೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ರಸ್ತೆ ಬದಿಯ ಪ್ರತಿ ತಂಗುದಾಣದ ಹಣೆಯ ಮೇಲೂ ಯಾರದ್ದೋ ತಂದೆಯ, ಯಾರದ್ದೋ ತಾಯಿಯ ಹೆಸರು ಇರುತ್ತದೆ. ಕಪ್ಪು ಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಕೆಳಗೆ ‘ಸ್ಮರಣಾರ್ಥ’. ನಮ್ಮ ಅಪ್ಪನಿಗೆ ಅಂಥದ್ದು ಇರಲಿಲ್ಲ. ದೊಡ್ಡಪ್ಪನಿಗಿತ್ತು, ಸಿದ್ಧಕಟ್ಟೆಯ ಹತ್ತಿರ. ಅದರ ಎದುರು ಬಸ್ಸು ಹೋಗುವಾಗಲೆಲ್ಲ ನಾನು ಆಚೆ ಬದಿಗೆ ಮುಖ ತಿರುಗಿಸುತ್ತಿದ್ದೆ. ಅಯ್ಯೋ, ಹೊಟ್ಟೆಕಿಚ್ಚು ಅಂತ ನೇರ ಹೇಳಿದರೆ ಆಯಿತಲ್ಲ.

ತಂಗುದಾಣ ನಮ್ಮ ಗೇಟಿನ ಹತ್ತಿರ ಆಗಬೇಕಾದರೆ ಬಸ್ಸು ನಮ್ಮ ಗೇಟಿನ ಹತ್ತಿರ ನಿಲ್ಲಬೇಕು. ಮಾರನೇ ದಿನ ಮೆಂಬರ್ ಬಂದ. ನನ್ನ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದವನು, ಈಗ ಇಸ್ತ್ರಿ ಹಾಕಿದ ಅಂಗಿ. ಜಗಲಿಯಲ್ಲಿ ಕೂತು ಸ್ವರ ತಗ್ಗಿಸಿ ಹೇಳಿದ.

“ಕೆಳಗೆ ಬೇಡ ಟೀಚರ್. ಕೆಳಗೆ ಕೊಟ್ಟರೆ ಅದು ಅವರ ಸ್ಟಾಪು ಆಗ್ತದೆ. ನಾಳೆ ಬೋರ್ಡು ಹಾಕ್ತಾರೆ, ಮತ್ತೆ ನಮ್ಮ ಹುಡುಗರು ಸುಮ್ಮನಿರುವುದಿಲ್ಲ. ಸುಮ್ಮನೆ ಯಾಕೆ ತಲೆಬಿಸಿ?”

ಬೇರೆ ದಿನವಾಗಿದ್ದರೆ ಅವನ ಕಿವಿ ಹಿಂಡುತ್ತಿದ್ದೆ. ‘ಅವರು’, ‘ನಮ್ಮವರು’ ಅಂತ ಮಾತಾಡುವವರನ್ನು ಕಂಡರೆ ನನಗಾಗುವುದಿಲ್ಲ ಅಂತ ಹತ್ತು ಜನರ ಮುಂದೆ ಹೇಳಿಕೊಂಡು ತಿರುಗುವವಳು ನಾನು. ಅವತ್ತು ಏನೂ ಹೇಳಲಿಲ್ಲ. ಅವನು ಹೇಳಿದ್ದು ನಾನು ನಂಬಿದ್ದಲ್ಲ, ಆದರೆ ನನಗೆ ಬೇಕಾದದ್ದು. ಅವನ ಕೊಳಕು ಮಾತಿನ ನೆರಳಿನಲ್ಲಿ ನನ್ನ ಆಸೆಯನ್ನು ಕೂರಿಸಿದೆ. ಅವನಿಗೆ ಇನ್ನೊಂದು ಲೋಟ ಚಾ ಕೂಡ ಕೊಟ್ಟೆ.

ಅರ್ಜಿ ಬರೆದೆ. ಬಹಳ ಚಂದದ ಅರ್ಜಿ. ‘ಏರಿನ ಮೇಲ್ಭಾಗದಲ್ಲಿ ಒಂದು ನಿಲುಗಡೆಯನ್ನು ಮಾತ್ರ ಒದಗಿಸಿದಲ್ಲಿ ಸಾಕಾಗುವುದೆಂದು ಗ್ರಾಮಸ್ಥರೆಲ್ಲರೂ ಒಮ್ಮತದಿಂದ ಅಭಿಪ್ರಾಯಪಟ್ಟಿರುತ್ತಾರೆ.’ ಆ ವಾಕ್ಯವನ್ನು ಎರಡು ಸಲ ತಿದ್ದಿದ್ದೆ. ಮನಸ್ಸಿಗೆ ಒಂದು ಸಮಾಧಾನ ಕೊಟ್ಟುಕೊಂಡಿದ್ದೆ. ಕಾಗದದಲ್ಲಿ ಏನು ಬೇಕಾದರೂ ಇರಲಿ, ಮೋರಿಯ ಹತ್ತಿರ ಕೈ ಹಿಡಿದರೆ ಯಾವ ಡ್ರೈವರ್ ನಿಲ್ಲಿಸುವುದಿಲ್ಲ? ನಮ್ಮ ಜನ್ಮವಿಡೀ ಖಾಸಗಿ ಬಸ್ಸು ನೋಡಿದ ಬುದ್ಧಿ ಇದು. ಬಸ್ಸು ಅಂದರೆ ಕೈಗೆ ನಿಲ್ಲುವ ವಸ್ತು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ.

ರುಜು ಹಾಕಿಸಲಿಕ್ಕೆ ಮನೆ ಮನೆಗೆ ನಾನೇ ಹೋದೆ. ಮೇಲಿನ ಮನೆಗಳಲ್ಲಿ ಯಾರೂ ಓದಲಿಲ್ಲ. ಕೆಳಗಿನ ಮನೆಗಳಲ್ಲೂ ಓದಲಿಲ್ಲ. ಒಬ್ಬ ಅಂಗಡಿಯವರು ತೂಕದ ಬಟ್ಟಲು ಕೆಳಗಿಡದೆ, ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು ರುಜು ಹಾಕಿದರು. ಕೊನೆಗೆ ಅಕ್ಕನ ಮನೆ. ಸೊಸೆ ಮೂಡುಬಿದಿರೆಯ ಹುಡುಗಿ, ಡಿಗ್ರಿ ಮಾಡಿದವಳು. ಅವಳು ತವರಿಗೆ ಹೋಗಿದ್ದ ದಿನ ನೋಡಿಯೇ ಹೋದೆ ಅಂತ ನಾನು ಹೇಳುವುದಿಲ್ಲ. ಆದರೆ ಅವಳಿಲ್ಲ ಅಂತ ಗೊತ್ತಾದಾಗ ನನಗೆ ಹಾಯೆನಿಸಿತು, ಅದು ಸತ್ಯ.

ಅಕ್ಕ ಕುರ್ಚಿ ಒರೆಸಿ ಕೂರಿಸಿದರು. ಸಕ್ಕರೆ ಜಾಸ್ತಿ ಹಾಕಿದ ಚಾ ತಂದರು, ನನಗೆ ಹಾಗೆ ಇಷ್ಟ ಅಂತ ಗೊತ್ತು. ಪೆನ್ನು ಕೈಗೆ ತೆಗೆದುಕೊಂಡು, “ಎಲ್ಲಿ, ನೀವೊಮ್ಮೆ ಓದಿ ಹೇಳಿ ಟೀಚರೇ. ನಿಮ್ಮ ಕನ್ನಡ ಕೇಳಲಿಕ್ಕೆ ಚಂದ” ಅಂದರು. ಸಂಶಯದಿಂದ ಅಲ್ಲ. ಚಂದ ಅಂತ.

ನಾನು ಕಾಗದ ಎತ್ತಿ ಹಿಡಿದು ಓದಿದೆ. ಮೊದಲ ನಾಲ್ಕು ಸಾಲು ಕನ್ನಡದಲ್ಲಿಯೇ, ಮಾನ್ಯರೇ, ಈ ಮೂಲಕ ವಿನಂತಿಸುವುದೇನೆಂದರೆ ಅಂತ ರಾಗವಾಗಿ. ಆ ಸಾಲು ಬಂದಾಗ ಕಣ್ಣು ಕಾಗದದ ಮೇಲೆಯೇ ಇಟ್ಟುಕೊಂಡು ತುಳುವಿಗೆ ಹೊರಳಿದೆ. “ಮೇಲೆ ಒಂದು ಸ್ಟಾಪು, ಕೆಳಗೆ ನಿಮ್ಮ ಮೋರಿಯ ಹತ್ತಿರ ಒಂದು ಸ್ಟಾಪು ಅಂತ ಬರೆದಿದ್ದೇನೆ” ಅಂದೆ.

“ದೇವರು ನಿಮಗೆ ಒಳ್ಳೇದು ಮಾಡ್ಲಿ” ಅಂದರು ಅಕ್ಕ. ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ರುಜು ಹಾಕಿದರು. ನಾನು ಚಾ ಪೂರ್ತಿ ಕುಡಿದು ಎದ್ದು ಬಂದೆ.

ಬಸ್ಸಿಗೆ ಮಂಜೂರಾತಿ ಬರುವಷ್ಟರಲ್ಲಿ ನಮ್ಮ ತಂಗುದಾಣವೂ ಎದ್ದಿತ್ತು. ಮೊದಲ ದಿನ ಬಸ್ಸಿಗೆ ಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಡ್ರೈವರ್ ಕಂಡಕ್ಟರಿಗೆ ಶಾಲು ಹೊದೆಸಿ ಮೆರೆದದ್ದೇ ಮೆರೆದದ್ದು. ತಮ್ಮ ವೀಡಿಯೋ ಕಾಲಿನಲ್ಲಿ ಅಪ್ಪನ ಹೆಸರಿನ ಕಲ್ಲು ನೋಡಿ ಅತ್ತ. ಅಕ್ಕನೂ ಸೊಸೆಯ ಕೈ ಹಿಡಿದು ಅಲ್ಲಲ್ಲಿ ನಿಂತು ಏರು ಹತ್ತಿ ಬಂದಿದ್ದರು. ಮೆಂಬರ್ ಮೈಕಿನಲ್ಲಿ ನನ್ನನ್ನು ಹೊಗಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವರು.

ಎರಡನೇ ದಿನ ಅವರು ಮೋರಿಯ ಹತ್ತಿರ ನಿಂತು ಕೈ ಹಿಡಿದರು. ನಾನು ಗೇಟಿನಿಂದ ನೋಡುತ್ತಿದ್ದೆ. ಬಸ್ಸು ನಮ್ಮಲ್ಲಿ ನಿಂತು, ಇಳಿಜಾರಿನಲ್ಲಿ ಇಳಿದು, ಅವರ ಎದುರಿನಿಂದ ಸೀದಾ ಹೋಯಿತು. ಕಂಡಕ್ಟರ್ ಕಿಟಕಿಯಿಂದ ಕೈ ಮೇಲೆ ಮಾಡಿ ಏರಿನ ಕಡೆ ತೋರಿಸಿದ. ಅವರು ಸ್ವಲ್ಪ ಹೊತ್ತು ಕೈ ಇಳಿಸಲೇ ಇಲ್ಲ.

ಆ ದಿನ ಖಾಸಗಿ ಬಸ್ಸು ಹಿಂದಿನಿಂದ ಬಂದು ಕರೆದುಕೊಂಡು ಹೋಯಿತು. ಆದರೆ ಹೆಂಗಸರೆಲ್ಲ ಉಚಿತದ ಬಸ್ಸಿಗೆ ಬಿದ್ದ ಮೇಲೆ ಖಾಸಗಿಯವನಿಗೆ ಜನವೆಲ್ಲಿ? ತಿಂಗಳೊಳಗೆ ಬೆಳಗಿನ ಟ್ರಿಪ್ಪು ಕಟ್ ಮಾಡಿದ, ಆಮೇಲೆ ಮಧ್ಯಾಹ್ನದ್ದೂ ನಿಂತಿತು. ಕೈಗೆ ನಿಲ್ಲುವ ಬಸ್ಸು ಹೋಯಿತು, ಕಾಗದದಲ್ಲಿ ಬರೆದಲ್ಲಿ ನಿಲ್ಲುವ ಬಸ್ಸು ಉಳಿಯಿತು. ಕಂಡಕ್ಟರನ ಹತ್ತಿರ ನಾನೇ ಹೋಗಿ, ಸ್ವಲ್ಪ ಕೆಳಗೆ ನಿಲ್ಲಿಸಿ ಮಾರಾಯ್ರೆ, ಕಾಯಿಲೆಯವರು ಅಂತ ಕೇಳಿದೆ. ಘಟ್ಟದ ಮೇಲಿನವನು, ಮರ್ಯಾದೆಯಿಂದಲೇ ಉತ್ತರ ಕೊಟ್ಟ. “ಇಲ್ಲಾ ಮೇಡಂ, ಸ್ಟಾಪ್ ಇಲ್ದೇ ಇರೋ ಕಡೆ ನಿಲ್ಸಿ ಏನಾದ್ರೂ ಆದ್ರೆ ನನ್ ಕೆಲಸ ಹೋಗುತ್ತೆ. ನಿಮ್ಮೂರಿನೋರೇ ಒಂದ್ ಸಾಕು ಅಂತ ಬರ್ಕೊಟ್ಟಿದಾರಂತಲ್ಲ” ಅಂದ. ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಅಕ್ಕ ಏರು ಹತ್ತಲಿಕ್ಕೆ ಸುರು ಮಾಡಿದರು. ಹೋಗುವಾಗ ಮೈಯಲ್ಲಿ ನೀರು ತುಂಬಿ ಉಬ್ಬಸ. ಬರುವಾಗ ಸುಸ್ತು, ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಆದರೂ ಅವರ ಬಾಯಲ್ಲಿ ನನ್ನ ಮೇಲೆ ಒಂದು ಮಾತಿಲ್ಲ. ಡೈರಿಯ ಹತ್ತಿರ ಯಾರೋ ಕೆಳಗಿನ ಸ್ಟಾಪು ಎಂತಾಯಿತು ಅಂತ ಕೇಳಿದಾಗ, “ಟೀಚರ್ ಬರೆದಿದ್ದರು, ನನ್ನೆದುರೇ ಓದಿದ್ದಾರೆ. ಆ ಆಫೀಸಿನವರು ಕೊಡಲಿಲ್ಲ. ಬಡವರ ಮಾತು ಯಾರು ಕೇಳ್ತಾರೆ?” ಅಂದರಂತೆ. ಹಾಲು ತರಲಿಕ್ಕೆ ಹೋದ ಪಕ್ಕದ ಮನೆಯವಳು ಬಂದು ಹೇಳಿದಳು. ಅವರು ನನಗೆ ಬೈದಿದ್ದರೆ ಜಗಳಕ್ಕಾದರೂ ಹೋಗಬಹುದಿತ್ತು. ಆ ದಿನ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಸೇರಿತು. ಮನುಷ್ಯರ ನಾಚಿಕೆಗೂ ಒಂದು ಮಿತಿ ಉಂಟು ನೋಡಿ.

ಮತ್ತೊಂದು ಅರ್ಜಿ ಕೊಡಬಹುದಿತ್ತು. ಆದರೆ ಹೊಸತನ್ನು ಕೊಟ್ಟರೆ ಆಫೀಸಿನವರು ಹಳೆಯದನ್ನು ತೆಗೆಯುತ್ತಾರೆ. ನಿಮ್ಮೂರಿನವರೇ ಒಮ್ಮತದಿಂದ ಹೀಗೆ ಕೇಳಿದ್ದಲ್ವಾ ಅಂತ ಗ್ರಾಮಸಭೆಯಲ್ಲಿ ಓದುತ್ತಾರೆ. ನನ್ನ ಚಂದದ ಕನ್ನಡ ಎಲ್ಲರ ಕಿವಿಗೆ ಬೀಳುತ್ತದೆ. ಇದನ್ನು ನೆನೆದೇ ನಾನು ದಿನ ದೂಡಿದೆ. ಮಳೆ ಕಳೆಯಲಿ ಅಂದುಕೊಂಡೆ, ದೀಪಾವಳಿ ಕಳೆಯಲಿ ಅಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಬಸ್ಸಿನಿಂದ ಇಳಿದು ನಮ್ಮ ತಂಗುದಾಣದ ಬೆಂಚಿನಲ್ಲಿ ಕೂತರು. ಎಂದಿನಂತೆ ಐದು ನಿಮಿಷಕ್ಕೆ ಏಳಲಿಲ್ಲ. ನಾನು ದೊಡ್ಡ ಲೋಟದಲ್ಲಿ ಮಜ್ಜಿಗೆ ತೆಗೆದುಕೊಂಡು ಹೋದೆ. ಮುಖ ನೋಡಿದೆ, ಗುರುತು ಸಿಗದಷ್ಟು ಬಾತಿತ್ತು. ಕಾಲು ಚಪ್ಪಲಿಯಿಂದ ಹೊರಗೆ ಬಂದಿತ್ತು. ಅವರು ಲೋಟ ತೆಗೆದುಕೊಂಡು ಒಂದೇ ಒಂದು ಗುಟುಕು ಕುಡಿದು ವಾಪಸು ಕೊಟ್ಟರು.

“ನೀರು ಮಜ್ಜಿಗೆ ಎಲ್ಲ ಅಳತೆ ಟೀಚರೇ. ಈಗ ಇನ್ನೂ ಕಡಿಮೆ ಮಾಡಿದ್ದಾರೆ.”

“ಯಾಕೆ ಅಕ್ಕ ಇಷ್ಟು ಬಾತದ್ದು?”

“ವಾರಕ್ಕೆ ಮೂರು ಸಲ ಆಗುವುದಿಲ್ಲ. ಎರಡು ಸಲ ಹೋಗ್ತೇನೆ. ಕಳೆದ ವಾರ ಒಂದೇ. ಏರು ನೆನೆದರೆ ಬೆಳಿಗ್ಗೆ ಏಳಲಿಕ್ಕೇ ಮನಸ್ಸಾಗುವುದಿಲ್ಲ. ನರ್ಸಮ್ಮ ಬೈದರು ಇವತ್ತು, ಹೀಗೆ ಮಾಡಿದರೆ ಹೆಚ್ಚು ದಿನ ಇಲ್ಲ ಅಂತ.” ಉಸಿರು ಎಳೆದುಕೊಂಡು, “ನೀವು ಇನ್ನೊಂದು ಸಲ ಬರೀರಿ ಟೀಚರೇ. ನೀವು ಬರೆದರೆ ಆಗ್ತದೆ” ಅಂದರು.

ಅಪ್ಪನ ಹೆಸರಿನ ಕಲ್ಲಿನ ಅಡಿಯಲ್ಲಿ ಕೂತು ಅವರು ಇದನ್ನು ಹೇಳಿದರು. ನನಗೆ ಇನ್ನು ತಡೆದುಕೊಳ್ಳಲಿಕ್ಕಾಗಲಿಲ್ಲ. ಒಳ್ಳೆಯತನದಿಂದ ಅಲ್ಲ. ಈ ಹೆಂಗಸು ಸತ್ತರೆ ಆಮೇಲೆ ನಾನು ಯಾರ ಹತ್ತಿರ ಹೇಳುವುದು ಅಂತ ಹೆದರಿಕೆಯಾಯಿತು. ನಿಂತಲ್ಲಿಯೇ ಹೇಳಿದೆ. ನಾನು ಬರೆದದ್ದು ಮೇಲಿನ ಸ್ಟಾಪು ಮಾತ್ರ, ಕೆಳಗಿನದ್ದು ಬರೆಯಲೇ ಇಲ್ಲ, ನಿಮ್ಮೆದುರು ಓದಿದ್ದು ಸುಳ್ಳು. ತಂಗುದಾಣದ ಆಸೆಯನ್ನೂ ಹೇಳಿದೆ. ಮೆಂಬರ್ ಹೇಳಿದ ಮಾತನ್ನೂ, ನಾನು ಸುಮ್ಮನಿದ್ದದ್ದನ್ನೂ ಬಿಡಲಿಲ್ಲ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ಎದುರಿನ ರಸ್ತೆ ನೋಡುತ್ತಾ ಕೂತರು. ಒಂದೇ ಪ್ರಶ್ನೆ ಕೇಳಿದರು.

“ಹಾಗೆ ಓದಿದ್ದು ಎಲ್ಲರಿಗೂವಾ, ನನಗೆ ಮಾತ್ರವಾ?”

ಬೇರೆ ಯಾರೂ ಓದಿ ಹೇಳಿ ಅಂತ ಕೇಳಿರಲೇ ಇಲ್ಲ. ಕೇಳಿದ್ದು ಅವರೊಬ್ಬರೇ.

“ನಿಮಗೆ ಮಾತ್ರ” ಅಂದೆ.

ತಲೆಯಾಡಿಸಿದರು. ಬೆಂಚಿಗೆ ಕೈಯೂರಿ ಎದ್ದರು. ಹಿಡಿದುಕೊಳ್ಳುವ ಅಂತ ನಾನು ಕೈ ಕೊಟ್ಟದ್ದನ್ನು ಕಾಣದವರ ಹಾಗೆ ಬದಿಗೆ ಸರಿದು, ಇಳಿಜಾರಿನಲ್ಲಿ ಒಬ್ಬರೇ ಮೆಲ್ಲ ಮೆಲ್ಲ ಇಳಿದರು. ನಾನು ಮಜ್ಜಿಗೆ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಮಾರನೇ ದಿನ ಬೆಳಿಗ್ಗೆ ಹೊಸ ಅರ್ಜಿ ಬರೆಯಲಿಕ್ಕೆ ಕೂತೆ. ಮೆಂಬರಿಗೆ ಫೋನು ಮಾಡಿದರೆ, “ಈಗ ಯಾಕೆ ಟೀಚರ್ ಅದನ್ನೆಲ್ಲ ಕೆದಕುವುದು? ನಿಮ್ಮ ಹೆಸರೇ ಹಾಳಾಗ್ತದೆ” ಅಂದ. “ಹಾಳಾಗಲಿ! ನಿನ್ನ ಹೆಸರೂ ಬರೆಯುತ್ತೇನೆ, ಇಡು ಫೋನು” ಅಂತ ಕಿರುಚಿದೆ. ಕಿರುಚಿದ್ದು ಅವನಿಗಲ್ಲ ಅಂತ ಫೋನು ಇಟ್ಟ ಮೇಲೆ ಗೊತ್ತಾಯಿತು. ಈ ಸಲ ಚಂದ ಮಾಡಲಿಕ್ಕೆ ಹೋಗಲಿಲ್ಲ. ‘ಹಿಂದಿನ ಅರ್ಜಿಯಲ್ಲಿ ಊರವರ ಒಮ್ಮತ ಅಂತ ಬರೆದದ್ದು ಸುಳ್ಳು. ಸಭೆಯಲ್ಲಿ ಎರಡು ಕಡೆ ನಿಲುಗಡೆ ಬೇಕು ಅಂತ ತೀರ್ಮಾನವಾಗಿತ್ತು. ಅದನ್ನು ಬದಲಾಯಿಸಿದವಳು ನಾನು. ಒಂದೇ ಕೊಡಲಿಕ್ಕೆ ಸಾಧ್ಯ ಅಂತಾದರೆ ಅದು ಮೋರಿಯ ಹತ್ತಿರ ಇರಲಿ, ಡಯಾಲಿಸಿಸಿಗೆ ಹೋಗುವವರಿದ್ದಾರೆ.’ ಇಷ್ಟೇ. ಕೆಳಗೆ ನನ್ನ ರುಜು. ಮನೆ ಮನೆಗೆ ಹೋಗಿ ಪ್ರತಿಯೊಬ್ಬರ ಎದುರೂ ಓದಿ, ತುಳುವಿನಲ್ಲಿಯೂ ಹೇಳಿ, ರುಜು ಹಾಕಿಸಿದೆ. ಕೆಲವರು ನನ್ನ ಮುಖ ನೋಡಲಿಲ್ಲ. ಅಂಗಡಿಯವರು ಈ ಸಲ ತೂಕದ ಬಟ್ಟಲು ಕೆಳಗಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ತಾವೇ ಓದಿದರು.

ಅಕ್ಕನ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬನ್ನಿ ಅನ್ನಲಿಲ್ಲ. ನಾನು ಅಂಗಳದಲ್ಲಿ ನಿಂತೆ. ಕಾಗದ ಎತ್ತಿ ಓದಲಿಕ್ಕೆ ಸುರು ಮಾಡಿದಾಗ ಅವರು ಕೈ ಅಡ್ಡ ಮಾಡಿ ತಡೆದು, ಒಳಗೆ ಮುಖ ಮಾಡಿ ಸೊಸೆಯನ್ನು ಕರೆದರು. ಸೊಸೆ ಕೈ ಒರೆಸಿಕೊಂಡು ಬಂದು ಕಾಗದ ಇಸಿದುಕೊಂಡಳು. ಒಂದೊಂದೇ ಸಾಲು ಕನ್ನಡದಲ್ಲಿ ಓದಿ, ಆಮೇಲೆ ಅತ್ತೆಗೆ ಬ್ಯಾರಿ ಭಾಷೆಯಲ್ಲಿ ಹೇಳಿದಳು. ನನಗೆ ಬ್ಯಾರಿ ಅರ್ಧಂಬರ್ಧ ಬರುತ್ತದೆ. ಅವಳು ಏನು ಹೇಳಿದಳು, ನಾನು ಬರೆದಷ್ಟೇ ಹೇಳಿದಳಾ, ಹೆಚ್ಚು ಹೇಳಿದಳಾ, ನನಗೆ ಗೊತ್ತಾಗಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಅಕ್ಕ ರುಜು ಹಾಕಿದರು. ಕಾಗದವನ್ನು ಸೊಸೆಯ ಕೈಗೆ ಕೊಟ್ಟು ಅವರ ಭಾಷೆಯಲ್ಲಿ ಏನೋ ಹೇಳಿದರು. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ನನ್ನೊಟ್ಟಿಗೆ ಸೀದಾ ತುಳುವಿನಲ್ಲಿ ಮಾತಾಡಿದವರು. ಸೊಸೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

“ಇದರ ಒಂದು ಜೆರಾಕ್ಸ್ ನಮ್ಮ ಹತ್ತಿರವೂ ಇರಲಿ ಅಂತ ಹೇಳ್ತಾರೆ.”

“ತರ್ತೇನೆ” ಅಂದೆ.

ಸಿದ್ಧಕಟ್ಟೆಗೆ ಹೋಗಿ ಜೆರಾಕ್ಸ್ ಮಾ‌ಡಿಸಿ, ಅದೇ ದಿನ ವಾಪಸು ಬಂದು ಅವರ ಅಂಗಳದಲ್ಲಿ ನಿಂತೆ. ಸೊಸೆ ಎರಡನ್ನೂ ತೆಗೆದುಕೊಂಡು ಜಗಲಿಯ ಮೇಲೆ ಪಕ್ಕಪಕ್ಕದಲ್ಲಿ ಹರಡಿ, ಬೆರಳಿಟ್ಟು ಒಂದೊಂದು ಸಾಲನ್ನೂ ತಾಳೆ ನೋಡಿದಳು. ಅಕ್ಕ ಅವಳ ಬೆರಳನ್ನೇ ನೋಡುತ್ತಾ ಕೂತಿದ್ದರು. ಕೊನೆಯ ಸಾಲು ಮುಗಿದ ಮೇಲೆ ಸೊಸೆ ಸರಿ ಉಂಟು ಅಂತ ತಲೆಯಾಡಿಸಿ, ಮೂಲಪ್ರತಿಯನ್ನು ನನಗೆ ವಾಪಸು ಕೊಟ್ಟಳು.